ಗಾಡಿ ಮುಂದೆ ಹೆಡ್‌ಗುಮಾಸ್ತರು

ಹೆಂಡತಿ: ಈ ಗಾಡಿ ತಿಂಡಿ ಬೇಡ ಅಂದ್ರೆ ಬೇಡ ರೀ. ಹೋಟೆಲ್‌ಗೆ ಹೋಗೋಣ.

ಹೆಡ್‌ಗುಮಾಸ್ತರು ಫುಟ್‌ಪಾತಿನ ಮೇಲೆ ಬೇರು ಬಿಟ್ಟವರಂತೆ ನಿಂತರು. ದೀಪಸ್ತಂಭ ನೋಡಲು ಬಂದವರು ಕ್ಯಾಮೆರಾ ಹಿಡಿದು ಅವರನ್ನು ಬಳಸಿಕೊಂಡು ಹೋಗುತ್ತಿದ್ದರು. ಹೆಂಡತಿ ಬಿಸಿಲಿನ ಟೋಪಿಯನ್ನು ಮೂಗಿನ ತನಕ ಎಳೆದುಕೊಂಡು ಗಂಡನ ಬೆನ್ನ ಹಿಂದೆ ಸರಿದರು.

ಗಂಡ: ಹೋಟೆಲ್ ಊಟಕ್ಕೆ ಇಷ್ಟು ದೂರ ಬರಬೇಕಿತ್ತಾ? ಊರಿನ ಆತ್ಮ ಇರೋದು ಬೀದಿ ಗಾಡೀಲಿ ಕಣೇ.

ಹೆಂಡತಿ: ಹಾಗಾದ್ರೆ ಆ ಮೂಲೆ ಗಾಡೀಲಿ ತಿನ್ನಿ. ಅದಕ್ಕೂ ಆತ್ಮ ಇರುತ್ತೆ.

ಗಂಡ: ಅಲ್ಲಿ ನಿಂತಿರೋರೆಲ್ಲ ಪ್ರವಾಸಿಗಳು.

ಹೆಂಡತಿ: ನಾವೇನು ಇಲ್ಲೇ ಹುಟ್ಟಿ ಬೆಳೆದೋರಾ?

ಗಂಡ: ಅವರು ನೋಡೋಕೆ ಬಂದೋರು. ನಾನು ಅನುಭವಿಸೋಕೆ ಬಂದೋನು.

ಹೆಂಡತಿ: ಅನುಭವಿಸ್ತೀರಿ.

ಗಂಡ: ನೊಣ ನೋಡಿ ಹೆದರಬೇಡ. ಸ್ಥಳೀಯ ನೊಣ ಅದು, ಅದಕ್ಕೂ ರುಚಿ ಗೊತ್ತು.

ಗಾಡಿಯವನು ಕೊಟ್ಟ ಆಲೂಗಡ್ಡೆಯ ಕರಿದ ತುಂಡನ್ನು ಹೆಡ್‌ಗುಮಾಸ್ತರು ಬಾಯಿಗಿಟ್ಟರು. ಕಿವಿ ಬಿಸಿಯಾಯಿತು, ಮೂಗಲ್ಲಿ ನೀರು ಬಂತು, ಮನಸ್ಸು ತಣ್ಣಗಾಯಿತು.

ಗಂಡ: ಆಹಾ! ನಮ್ಮೂರಲ್ಲಿ ಇಂಥದ್ದು ಜನ್ಮದಲ್ಲಿ ಸಿಗಲ್ಲ. ತಾತನ ಕಾಲದಿಂದ ಇಲ್ಲೇ ಇದೀಯೇನಪ್ಪಾ?

ಗಾಡಿಯವ: ಬಂದು ಒಂದು ವರ್ಷ ಆಯ್ತು ಸಾರ್. ಮೊದಲು ನಿಮ್ಮ ಬೀದಿ ಕೊನೇಲೇ ಇದ್ದೆ. ಕೊಳಕು ಅಂತ ಬೈದು ಒಲೆಗೆ ಬಕೆಟ್ ನೀರು ಸುರಿದಿರಲ್ಲ?

ಹೆಡ್‌ಗುಮಾಸ್ತರ ದವಡೆ ಅರ್ಧಕ್ಕೆ ನಿಂತಿತು. ಆಗ ಅವನ ಮುಖವನ್ನು ಅವರು ನೋಡಿರಲೇ ಇಲ್ಲ. ನೋಡಿದ್ದು ಪಕ್ಕದ ಚರಂಡಿಯನ್ನು ಮಾತ್ರ.

ಗಂಡ: ಅಲ್ಲಿ... ಚರಂಡಿ ಇತ್ತಲ್ಲಪ್ಪಾ.

ಗಾಡಿಯವ: ಇಲ್ಲೂ ಇದೆ ಸಾರ್. ಬೋರ್ಡ್ ಅಡ್ಡ ಇಟ್ಟಿದೀನಿ.

ಅವನು ಬಗ್ಗಿ ಟೋಪಿಯ ಕೆಳಗೆ ಇಣುಕಿದ.

ಗಾಡಿಯವ: ಅಯ್ಯೋ ಅಕ್ಕಾ, ನೀವಾ! ಎಂದಿನ ಹಾಗೆ ಖಾರ ಜಾಸ್ತಿ, ಈರುಳ್ಳಿ ಕಮ್ಮಿ ತಾನೆ?

ಗಂಡ: ಎಂದಿನ ಹಾಗೆ ಅಂದ್ರೆ?

ಹೆಂಡತಿ: ನಿಮ್ಮ ಪಥ್ಯದ ಅಡುಗೆ ತಿಂದು ತಿಂದು ನಾಲಿಗೆ ಸತ್ತೇ ಹೋಗಿತ್ತು ರೀ.

ಗಂಡ: ಮತ್ತೆ ದಿನಾ ಸಂಜೆ ವಾಕಿಂಗ್ ಹೋಗ್ತಿದ್ದೆಯಲ್ಲ?

ಹೆಂಡತಿ: ಇವನ ಗಾಡಿ ತನಕ. ಇವನು ಹೋದ್ಮೇಲೆ ವಾಕಿಂಗೂ ಹೋಯ್ತು. ನೀವು ಮಂಡಿನೋವು ಅಂದ್ಕೊಂಡು ಮುಲಾಮು ತಂದುಕೊಟ್ರಿ.

ಗಂಡ: ಇವನು ಇಲ್ಲಿರೋದು ನಿನಗೆ ಗೊತ್ತಿತ್ತಾ?

ಹೆಂಡತಿ: ಬೆಳಿಗ್ಗೆ ಬಸ್ಸಿಂದ ಇಳಿಯುವಾಗಲೇ ನೋಡಿದೆ. ಮಧ್ಯಾಹ್ನ ನೀವು ಗೊರಕೆ ಹೊಡೆಯೋವಾಗ ಒಬ್ಬಳೇ ಬರೋಣ ಅಂದ್ಕೊಂಡಿದ್ದೆ. ಎಲ್ಲಾ ಹಾಳು ಮಾಡಿದ್ರಿ. ಖಾರ ಇನ್ನೊಂಚೂರು ಹಾಕಪ್ಪಾ.

ಹೆಂಡತಿ ಟೋಪಿ ತೆಗೆದು ನೆಮ್ಮದಿಯಾಗಿ ತಿನ್ನತೊಡಗಿದರು. ಇಷ್ಟು ಖುಷಿಯಲ್ಲಿ ಅವರು ಉಣ್ಣುವುದನ್ನು ಹೆಡ್‌ಗುಮಾಸ್ತರು ಮನೆಯಲ್ಲಿ ಕಂಡಿದ್ದೇ ಇಲ್ಲ. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

ಗಂಡ: ವಾಪಸ್ ನಮ್ಮ ಬೀದಿಗೇ ಬಂದುಬಿಡಪ್ಪಾ. ನಾನು ಏನೂ ಅನ್ನಲ್ಲ.

ಗಾಡಿಯವ: ಬೇಡ ಸಾರ್. ಇಲ್ಲಾದ್ರೆ ನಿಮ್ಮಂಥೋರು ಹೊಗಳಿ ಹೊಗಳಿ ತಿಂತಾರೆ. ಅಲ್ಲಿಗೆ ಬಂದ್ರೆ ಮತ್ತೆ ಕೊಳಕಾಗ್ತೀನಿ.