ಮಣ್ಣೆತ್ತಿನ ಹೊಟ್ಟೆಯ ಹಿತ್ತಾಳೆ

ಬೈಲಹೊಂಗಲದಿಂದ ಚಚಡಿಗೆ ಬರುವ ಬಸ್ಸಿನಲ್ಲಿ ಮಹಾನಂದಾ ತೊಡೆಯ ಮೇಲಿಟ್ಟುಕೊಂಡಿದ್ದ ಮಣ್ಣಿನ ಎತ್ತು ಇನ್ನೂ ಬೆಚ್ಚಗಿತ್ತು, ಮಲಗಿದ ಬೆಕ್ಕಿನ ಹಾಗೆ. ಧಾರವಾಡದಲ್ಲಿ ಚಿತ್ರಕಲೆ ಓದುತ್ತಿದ್ದ ಅವಳು ಮೊದಲ ಸಲ ಮೇಣದಲ್ಲಿ ಎತ್ತು ಮಾಡಿ, ಅದರ ಮೇಲೆ ಸಗಣಿ, ಹೊಟ್ಟು ಕಲಸಿದ ಮಣ್ಣು ಮೆತ್ತಿದ್ದಳು. ಬೈಲಹೊಂಗಲದ ಕುಲುಮೆಯಲ್ಲಿ ಮೇಣ ಕರಗಿಸಿ ಹೊರಗೆ ಹರಿಸಿ, ಆ ಜಾಗಕ್ಕೆ ಹಿತ್ತಾಳೆ ಹೊಯ್ಸಿ, ಹೊಯ್ದ ತೂತಿಗೂ ಮಣ್ಣು ಬಳಿದಿದ್ದಳು. ಕಾದ ಹಿತ್ತಾಳೆ ಬೆಲ್ಲದ ಪಾಕದಂತೆ ಒಳಗೆ ಇಳಿದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತಿತ್ತು. ಪೂರಾ ಆರಿದ ಮೇಲೆ ಮಣ್ಣು ಒಡೆದರೆ ಒಳಗೆ ಹಿತ್ತಾಳೆಯ ಎತ್ತು. ನಾಳೆ ಅದನ್ನು ಗುರುಗಳ ಮುಂದೆ ಇಡದಿದ್ದರೆ ನಪಾಸು.

ಮನೆಗೆ ಬಂದವಳು ಅದನ್ನು ಕಟ್ಟೆಯ ಮೇಲೆ ಆರಲು ಬಿಟ್ಟು ಊಟಕ್ಕೆ ಕುಳಿತಳು. ಕೈ ತೊಳೆದು ಸುತ್ತಿಗೆ ಹಿಡಿದು ಬಂದರೆ ಕಟ್ಟೆ ಖಾಲಿ.

ಅಂದು ಮಣ್ಣೆತ್ತಿನ ಅಮಾವಾಸ್ಯೆ. ಪಕ್ಕದ ಮನೆಯ ಗುರುಬಸವ್ವ ಪೂಜೆಗೆ ತಂದ ಜೋಡಿಯಲ್ಲಿ ಒಂದು ಎತ್ತಿನ ಕಾಲು ಮುರಿದಿತ್ತು. ಒಂಟಿ ಎತ್ತಿಗೆ ಪೂಜೆ ಮಾಡುವುದುಂಟೆ? ಕಟ್ಟೆಯ ಮೇಲೊಂದು ಕಂಡಿತು, ಒಯ್ದಳು. ಮಹಾನಂದಾ ಹುಡುಕುತ್ತ ಅಲ್ಲಿಗೆ ಹೋಗುವಷ್ಟರಲ್ಲಿ ಅದರ ಹಣೆಗೆ ವಿಭೂತಿ, ಕೊರಳಿಗೆ ಮಲ್ಲಿಗೆ, ಮುಂದೆ ಕಡಬು.

“ಆಯಿ, ಅದು ನಂದು. ಕೊಡ್ರಿ, ಒಡೀಬೇಕು.”

ಗುರುಬಸವ್ವ ಸುತ್ತಿಗೆ ನೋಡಿದಳು. “ಹಬ್ಬದ ದಿನ ಎತ್ತಿನ ತಲಿ ಒಡ್ಯೂದು ಕಲಸ್ಯಾರೇನು ನಿಮ್ಮ ಕಾಲೇಜಿನಾಗ?”

“ಒಳಗ ಹಿತ್ತಾಳಿ ಐತ್ರಿ. ಎತ್ತಿ ನೋಡ್ರಿ, ಎಷ್ಟು ವಜ್ಜಾ ಐತಿ.”

“ಇರಲಾರದ ಏನು? ಹೊಟ್ಟಿ ತುಂಬ ಕಡಬು ತಿಂದೈತಿ.”

ಗದ್ದಲ ಕೇಳಿ ಓಣಿಯ ಹಿರಿಯ ನೀಲಪ್ಪ ಬಂದ. ಎರಡೂ ಕಡೆಯ ಮಾತು ಕೇಳಿ, ಮೀಸೆ ಸವರಿ ತೀರ್ಪು ಕೊಟ್ಟ. “ಪೂಜಿ ಆದ ಎತ್ತು ಹಳ್ಳಕ್ಕ ಹೋಗಬೇಕು. ಮಣ್ಣು ಕರಗಿದ ಮ್ಯಾಲ ಹಿತ್ತಾಳಿ ಉಳಿದ್ರ ನೀ ಒಯ್ಯವಾ ತಂಗಿ.” ಕೂಸಿಗೆ ಚಂದ್ರನನ್ನು ಕೊಡಿಸುತ್ತೇನೆ ಅನ್ನುವವರ ನಗು ಅವನ ಮುಖದಲ್ಲಿತ್ತು.

ಮಹಾನಂದಾಗೆ ಇದು ಲಾಭವೇ ಅನ್ನಿಸಿತು. ಸುತ್ತಿಗೆಯ ಕೆಲಸ ನೀರೇ ಮಾಡಿದರೆ ಎತ್ತಿಗೆ ಒಂದು ಗೀರೂ ಬೀಳುವುದಿಲ್ಲ. ಸಂಜೆ ಎಲ್ಲರಿಗಿಂತ ಮುಂದೆ ಅವಳೇ ಓಡಿದಳು.

ಹಳ್ಳದಲ್ಲಿ ಮೊಳಕಾಲುದ್ದ ನೀರು. ಓಣಿಯವರ ಎತ್ತುಗಳೆಲ್ಲ ಮುಳುಗಿ ಕರಗಿದವು. ಇವಳದು ಗುಳುಗುಳು ಗುಳ್ಳೆ ಬಿಟ್ಟಿತು. ಮಹಾನಂದಾ ಉಸಿರು ಹಿಡಿದು ಬಾಗಿದಳು. ಹೊಟ್ಟು ತೇಲಿತು, ಮಣ್ಣು ಚೂರುಚೂರಾಗಿ ಕಳಚಿತು, ಮೊದಲು ಒಂದು ಕೋಡು ಕಂಡಿತು, ಆಮೇಲೆ ಬೆನ್ನ ಮೇಲಿನ ಡುಬ್ಬ. ಎತ್ತಿಕೊಂಡು ಓಢಣಿಯಿಂದ ತಿಕ್ಕಿದಳು. ಇಳಿಬಿಸಿಲಿಗೆ ಹಿತ್ತಾಳೆ ಹೊಳೆಯಿತು. ತನ್ನ ಕೈಯ ಮೊದಲ ಎತ್ತು. ಅವಳಿಗೆ ಕುಣಿಯುವಂತಾಯಿತು. ಎಲ್ಲರಿಗೂ ತೋರಿಸಲು ತಿರುಗಿದಳು.

ದಂಡೆಯ ಮೇಲೆ ಎಲ್ಲರೂ ಕೈ ಮುಗಿದು ನಿಂತಿದ್ದರು.

“ಹಳ್ಳದಾಗ ಬಸವಣ್ಣ ಹುಟ್ಯಾನ,” ಎಂದ ನೀಲಪ್ಪ. ಅವನು ಆಗಲೇ ಚಪ್ಪಲಿ ಬಿಟ್ಟಿದ್ದ.

“ಕಾಕಾ, ಹಿತ್ತಾಳಿ ಉಳಿದ್ರ ಒಯ್ಯಿ ಅಂದಿದ್ರಲ್ಲ.”

“ಹಿತ್ತಾಳಿ ಒಯ್ಯಿ ಅಂದಿದ್ನಿ. ಬಸವಣ್ಣನ್ನ ಒಯ್ಯಿ ಅಂದಿದ್ನೇನು?”

“ಇದನ್ನ ಮಾಡಿದಾಕಿ ನಾನ ರೀ.”

“ನೀ ಮಾಡಿದ್ದು ಮಣ್ಣಿಂದು. ಊರಾಗ ಎಲ್ಲಾರೂ ನೋಡೇವಿ,” ಎಂದಳು ಗುರುಬಸವ್ವ.

ಮಹಾನಂದಾ ಪುರಾವೆಗೆ ಇಳಿದಳು. “ಈ ಕೋಡು ಸೊಟ್ಟ ಆಗೇತಲ್ಲ, ಮೇಣ ಬಿಸಿಲಿಗೆ ಬಾಗಿತ್ತು. ಈ ಕಾಲು ಗಿಡ್ಡ, ಹಿತ್ತಾಳಿ ಪೂರಾ ಇಳೀಲಿಲ್ಲ. ಬಾಲ ನಾನ ಮರ್ತಿದ್ನಿ.”

ಗುರುಬಸವ್ವ ಕರುಣೆಯಿಂದ ಅವಳ ಗಲ್ಲ ಸವರಿದಳು. “ಧಾರವಾಡದಾಗ ಕಲ್ತ ಹುಡುಗಿ ಬಾಲ ಮರೀತಾಳೇನು? ಯಾರ ಮುಂದ ಹೇಳತಿ ಇದನ್ನ?”

ಎತ್ತು ಗುಡಿಗೆ ಹೋಯಿತು. ಕುಂಕುಮ, ಬಿಲ್ವಪತ್ರೆಗಳ ನಡುವೆ ಕಷ್ಟಪಟ್ಟು ಒಂದು ಫೋಟೋ ತೆಗೆದು ಮಹಾನಂದಾ ಗುರುಗಳಿಗೆ ಕಳಿಸಿದಳು. ಉತ್ತರ ಕೂಡಲೇ ಬಂತು.

“ಭಾಳ ಹಳೇ ಮೂರ್ತಿ ಕಾಣಸ್ತದ. ಎಂಥಾ ಜೀವ ಅದ ನೋಡು. ಇಂಥಾವು ನೋಡೇ ಕಲೀಬೇಕು. ಇರ್ಲಿ, ನೀ ಮಾಡಿದ್ದು ನಾಳೆ ತಪ್ಪಿಸದ ತಗೊಂಡು ಬಾ.”