ಹನುಮಕ್ಕನ ಪತ್ರಕ್ಕೆ ಹತ್ತಕ್ಕೆ ಮೂರು

ಕೆಂಪು ಶಾಯಿಯ ಪೆನ್ನು ಕೈಗೆ ಬಂದರೆ ಸಾಕು, ಎಂಥ ಪುಕ್ಕಲನಿಗೂ ತಾನು ನಾಲ್ಕು ಅಂಗುಲ ಎತ್ತರವಾದೆ ಅನ್ನಿಸುತ್ತದೆ. ನಾನಂತೂ ಆ ಪೆನ್ನನ್ನು ನೌಕರಿ ಮುಗಿಯುವವರೆಗೆ ಜೇಬಿನಲ್ಲಿಟ್ಟುಕೊಂಡು ತಿರುಗಿದವನು. ಮದುವೆಯ ಕರೆಯೋಲೆ ಬಂದರೆ ಮುಹೂರ್ತ ನೋಡುವ ಮೊದಲು ಅದರ ತಪ್ಪು ತಿದ್ದುತ್ತಿದ್ದೆ. ಹೆಂಡತಿ ಅಂಗಡಿಗೆಂದು ಬರೆದುಕೊಟ್ಟ ಸಾಮಾನಿನ ಚೀಟಿಯನ್ನೂ ಒಮ್ಮೆ ತಿದ್ದಿ ಅವಳ ಕೈಗೇ ಕೊಟ್ಟೆ. "ಹೌದೇನ್ರಿ? ಹಂಗಾರ ಅಡಿಗಿನೂ ನೀವ ಮಾಡ್ರಿ" ಅಂದಳು. ಆ ವಾರವೆಲ್ಲ ಬೇಳೆಯಿಲ್ಲದ ಸಾರು ಉಂಡೆ. ಇದೆಲ್ಲ ನಕ್ಕು ಮರೆಯುವ ಮಾತು. ಆದರೆ ಆ ಪೆನ್ನಿನಿಂದ ನಾನು ಮಾಡಿದ ಒಂದು ಕೆಲಸವಿದೆ, ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ. ಮನೆಯಲ್ಲಿ ಹೇಳಿಲ್ಲ. ನಿಮ್ಮ ಮುಂದೆ ಹೇಳಿ ಹಗುರಾಗೋಣವೆಂದು ಕೂತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಬಳ್ಳಾರಿಯಲ್ಲಿ ಶಿಕ್ಷಕರಾಗುವವರಿಗೆ ಪಾಠ ಹೇಳುವ ಕೆಲಸ ನನ್ನದು. ಸಹೋದ್ಯೋಗಿಗಳೆಲ್ಲ ಒಬ್ಬೊಬ್ಬರಾಗಿ ಡಾಕ್ಟರು ಆಗುತ್ತಿದ್ದರು. ನನಗೂ ಆ ಚಟ ಹತ್ತಿತು. ದೊಡ್ಡವರಾದ ಮೇಲೆ ಅಕ್ಷರ ಕಲಿಯುವವರು ಸ್ವಂತವಾಗಿ ಬರೆಯಲು ಹೇಗೆ ಕಲಿಯುತ್ತಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ಅ ಆ ಇ ಈ ಎಂದು ಗಿಣಿಪಾಠ ಮಾಡಿಸದೆ, ಅವರಿಗೆ ಗೊತ್ತಿರುವ ಇಡೀ ಮಾತನ್ನೇ ಹಲಗೆಯ ಮೇಲೆ ಬರೆದು, ಅದನ್ನೇ ತಿದ್ದಿಸಿ ಕಲಿಸಬೇಕೆಂಬುದು ನನ್ನ ವಾದ. ವಾದಕ್ಕೆ ಜನ ಬೇಕಲ್ಲ? ಸಿರುಗುಪ್ಪದ ಆಚೆ ಕರೂರಿನಲ್ಲಿ ಭತ್ತದ ಗದ್ದೆಗೆ ಕೂಲಿಗೆ ಹೋಗುವ ಹನ್ನೊಂದು ಮಂದಿ ಹೆಣ್ಣುಮಕ್ಕಳು ಒಪ್ಪಿದರು. ಭಾನುವಾರ ಮಧ್ಯಾಹ್ನ ಖಾಲಿ ಇರುತ್ತಿದ್ದ ಶಾಲೆಯಲ್ಲಿ ಪಾಠ. ಬಸ್ಸಿನ ಧೂಳೆಲ್ಲ ಮೈಮೇಲೆ ಹಾಕಿಕೊಂಡು ನಾನು ಇಳಿದರೆ, "ಸರ ಬಂದ್ರು, ಮುಖ ತೊಳಿಯಾಕ ನೀರು ಕೊಡ್ರೆ" ಎಂದು ಮೊದಲು ಕೂಗುವವಳು ಹನುಮಕ್ಕ. ನಲವತ್ತೈದು ದಾಟಿದವಳು, ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ಹಟಮಾರಿ. ಉಳಿದವರು ಹೆಸರು ಬರೆಯಲು ಬಂದೊಡನೆ ಸಾಕೆಂದು ಕೈ ಕೊಡವಿದರೂ ಈಕೆ ಬಿಡಲಿಲ್ಲ, ಅವರನ್ನೂ ಎಳೆದು ತಂದು ಕೂರಿಸುತ್ತಿದ್ದಳು. "ಸಹಿ ತೊಗೊಂಡು ಏನ್ ಮಾಡ್ಲಿರಿ? ನನಗ ಮಾತು ಬರಿಯಾಕ ಬರಬೇಕು" ಅನ್ನುತ್ತಿದ್ದಳು. ಸಂಶೋಧಕನಿಗೆ ಇಂಥವರು ಸಿಕ್ಕರೆ ಹಬ್ಬ.

ಐದು ತಿಂಗಳಾದ ಮೇಲೆ ಮೊದಲ ಪರೀಕ್ಷೆ. ನಾನು ಹೇಳಿದ್ದು ಇಷ್ಟು: "ನಿಮಗ ಬೇಕಾದವ್ರಿಗೆ ಒಂದು ಪತ್ರ ಬರೀರಿ. ಬರದು ನನ್ನ ಕೈಯಾಗ ಕೊಡ್ರಿ, ನಾನು ಬಳ್ಳಾರಿಗೆ ಒಯ್ತೀನಿ." ಹನ್ನೊಂದೂ ಮಂದಿ ತಲೆ ಬಗ್ಗಿಸಿ, ನಾಲಿಗೆ ಕಚ್ಚಿ, ಬೆವರು ಒರೆಸಿಕೊಳ್ಳುತ್ತ ಬರೆದರು. ಹನುಮಕ್ಕ ಕೊಡುವಾಗ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಎರಡೂ ಕೈಯಿಂದ ಕೊಟ್ಟಳು. "ನಿಮ್ಮ ದಾರಿಯಾಗ ಬರ್ತೈತ್ರಿ" ಅಂದಳು. ಏನು ಬರುತ್ತದೆ ಎಂದು ಕೇಳುವ ವ್ಯವಧಾನ ನನಗಿರಲಿಲ್ಲ, ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಅವಳು ಬರೆದದ್ದು ಹೀಗಿತ್ತು: "ಬಾದನಹಟ್ಟಿ ಈರಮ್ಮಗ ನಿಮ್ಮವ್ವ. ಇದು ನನ್ನ ಕೈಬರಹ. ಜಗಳ ನಿಮ್ಮತ್ತಿ ಕೂಡ, ನಿನ್ನ ಕೂಡ ಅಲ್ಲ. ತಪ್ಪು ನಂದೂ ಐತಿ. ಬಾಣಂತನಕ್ಕ ಬಾ. ಎಮ್ಮಿ ಈದೈತಿ. ತೊಟ್ಟಿಲ ತೊಳದೀನಿ. ಬಾ."

ನಾನೇನು ಮಾಡಿದೆ? ಕೆಂಪು ಪೆನ್ನು ತೆಗೆದೆ. "ವಾಕ್ಯಕ್ಕೂ ವಾಕ್ಯಕ್ಕೂ ಕೊಂಡಿ ಇಲ್ಲ. ಎಮ್ಮೆಯ ವಿಷಯ ಇಲ್ಲಿ ಬೇಕಿಲ್ಲ. ಇನ್ನೂ ಸುಧಾರಿಸಬೇಕು" ಎಂದು ಕೆಳಗೆ ಬರೆದು ಹತ್ತಕ್ಕೆ ಮೂರು ಕೊಟ್ಟೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಮರುದಿನ ಕಾಲೇಜಿನಲ್ಲಿ ಚಹಾ ಕುಡಿಯುವಾಗ ಅದನ್ನು ಗಟ್ಟಿಯಾಗಿ ಓದಿದೆ. "ಎಮ್ಮಿ ಈದೈತಿ" ಅಂದಾಗ ಎಲ್ಲರೂ ನಕ್ಕರು. ಅವರು ನಕ್ಕರೆಂದು ನಾನು ಇನ್ನೊಮ್ಮೆ ಓದಿದೆ. ಆಮೇಲೆ ಹನ್ನೊಂದು ಪತ್ರಗಳನ್ನೂ ದಾರದಿಂದ ಕಟ್ಟಿ ಬೀರುವಿನಲ್ಲಿಟ್ಟೆ. ಕಾಲೇಜಿನ ಪರೀಕ್ಷೆ, ಅದರ ಬೆನ್ನಿಗೆ ನನಗೆ ಕಾಮಾಲೆ, ಹೀಗೆ ಎರಡು ತಿಂಗಳು ಕರೂರಿನ ಕಡೆ ತಲೆ ಹಾಕಲಿಲ್ಲ.

ಎರಡನೆಯ ಪರೀಕ್ಷೆಗೆ ಹೋದಾಗ ಯಾರೂ ನೀರು ಕೊಡಿರೆಂದು ಕೂಗಲಿಲ್ಲ. "ಇನ್ನೊಂದು ಪತ್ರ ಬರೀರಿ" ಅಂದೆ. ಹನುಮಕ್ಕ ಹಾಳೆ ಮುಟ್ಟಲಿಲ್ಲ.

"ಮೊದಲಿಂದು ಮುಟ್ಟಿಸಿದ್ರೇನ್ರಿ ಸರ?"

"ಯಾವುದು?"

"ನನ್ನ ಮಗಳಿಗೆ ಬರದದ್ದು. ನಿಮ್ಮ ಕೈಯಾಗ ಕೊಟ್ಟಿದ್ನೆಲ್ರಿ? ನೀವು ಬಳ್ಳಾರಿಗೆ ಹೋಗೋರು, ಬಾದನಹಟ್ಟಿ ಕಡೆ ಹೋಗೋರ ಕೈಯಾಗ ಕೊಡ್ತೀರಿ ಅಂದ್ಕೊಂಡಿದ್ದೆ."

ಆಗ ನನ್ನ ತಲೆಗೆ ಹತ್ತಿತು. ಆ ಊರಿನಲ್ಲಿ ಯಾರೂ ಪತ್ರವನ್ನು ಡಬ್ಬಿಗೆ ಹಾಕುತ್ತಿರಲಿಲ್ಲ. ಆ ಕಡೆ ಹೊರಟವರ ಕೈಗೆ ಕೊಡುತ್ತಿದ್ದರು. ಕೈಯಲ್ಲಿ ತೆಗೆದುಕೊಂಡವನು ಮುಟ್ಟಿಸಬೇಕು, ಅದು ಅಲ್ಲಿನ ಪದ್ಧತಿ. ನಾನು "ಒಯ್ತೀನಿ" ಅಂದಿದ್ದೆ. ಹನ್ನೊಂದೂ ಮಂದಿ ಎರಡು ತಿಂಗಳಿಂದ ಉತ್ತರದ ದಾರಿ ಕಾಯುತ್ತಿದ್ದರು. ಹನುಮಕ್ಕ ಹೇಳುತ್ತಲೇ ಇದ್ದಳು: "ಬ್ಯಾರೇದವ್ರ ಕೈಲೆ ಬರಸಿದ್ರ ಊರಿಗೆಲ್ಲ ಗೊತ್ತಾಗ್ತೈತಿ, ಬೀಗರು ಆಡ್ಕೊಂಡು ನಗ್ತಾರ ಅಂತ ನಾನಾ ಕಲ್ತು ಬರದಿದ್ದೆರಿ. ಈಗ ಆಕಿಗೆ ಎಂಟು ತುಂಬೇವು. ಉತ್ತರ ಇಲ್ಲ ಅಂದ್ರ ನನ್ನ ಮ್ಯಾಲ ಸಿಟ್ಟು ಹೋಗಿಲ್ಲ ಆಕಿದು." ಯಾರೂ ನಗಬಾರದೆಂದು ಈ ವಯಸ್ಸಿನಲ್ಲಿ ಅಕ್ಷರ ಕಲಿತವಳ ಪತ್ರವನ್ನು ನಾನು ಚಹಾದ ಜೊತೆ ಎರಡು ಸಲ ಓದಿ ನಗಿಸಿದ್ದೆ. ಆದರೂ ನಿಜ ಹೇಳುವ ಗಂಡಸುತನ ಬರಲಿಲ್ಲ. "ಟಪಾಲು ತಡ ಆಗೈತಿ ಹನುಮಕ್ಕ" ಅಂದೆ. ಪಾಪ, ನಂಬಿದಳು.

ಊರಿಗೆ ಬಂದವನೇ ಹತ್ತು ಪತ್ರಗಳನ್ನು ಲಕೋಟೆಗೆ ಹಾಕಿ ಅಂಚೆಗೆ ಕೊಟ್ಟೆ. ಕೆಂಪು ಶಾಯಿ ಅಳಿಸಲು ಬ್ಲೇಡಿನಿಂದ ಕೆರೆದು ನೋಡಿದೆ, ಹಾಳೆ ತೂತು ಬೀಳತೊಡಗಿತು, ಬಿಟ್ಟೆ. ಹನುಮಕ್ಕನದನ್ನು ಮಾತ್ರ ಮರುದಿನ ರಜೆ ಹಾಕಿ ನಾನೇ ಬಾದನಹಟ್ಟಿಗೆ ಒಯ್ದೆ. ಈರಮ್ಮ ತುಂಬಿದ ಬಸುರಿ, ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಓದಲು ಬಾರದು. ಅತ್ತೆ ಒಳಗಿದ್ದಾಳೆಂದು ನಾನು ದನಿ ಇಳಿಸಿ ಓದಿದೆ. "ತೊಟ್ಟಿಲ ತೊಳದೀನಿ" ಅನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿದ್ದವು. ಹಾಳೆ ಇಸಿದುಕೊಂಡು ತಾಯಿಯ ಅಕ್ಷರವನ್ನು ಬೆರಳಿನಿಂದ ಸವರಿದಳು. ಬೆರಳು ಕೆಳಗಿಳಿದು ನಿಂತಿತು.

"ಈ ಕೆಂಪಂದು ಏನ್ರಿ? ನಮ್ಮವ್ವ ಸಿಟ್ಟಿಲೆ ಏನರ ಬರದಾಳೇನು?"

"ಛೆ ಛೆ, ಅದು ಟಪಾಲು ಕಚೇರಿಯವ್ರು ಬರದದ್ದಮ್ಮ."

"ಟಪಾಲಿಗೆ ಹಾಕಿಲ್ಲಲ್ರಿ? ನೀವು ತಂದೀರಿ."

"ಹಾಕಿದ್ವಿ. ಅವ್ರು ತಡ ಮಾಡಿದ್ರಂತ ನಾನಾ ಬಿಡಿಸ್ಕೊಂಡು ಬಂದೆ" ಅಂದೆ. ಒಂದು ಸುಳ್ಳು ಹೇಳಿದರೆ ಅದರ ತಮ್ಮಂದಿರೂ ತಾವಾಗಿಯೇ ಬರುತ್ತಾರೆ. ಈರಮ್ಮ ಪತ್ರವನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಎರಡೇ ದಿನದಲ್ಲಿ ಗಂಡನನ್ನು ಹೊರಡಿಸಿಕೊಂಡು ತವರಿಗೆ ಹೋದಳಂತೆ.

ಮುಂದಿನ ಸಲ ನಾನು ಕರೂರಿಗೆ ಹೋದಾಗ ಹೆಣ್ಣುಮಗು ಹುಟ್ಟಿ ಇಪ್ಪತ್ತು ದಿನವಾಗಿತ್ತು. ಹನುಮಕ್ಕ ಮನೆಗೇ ಕರೆದೊಯ್ದು, ಮಗು ತೋರಿಸಿ, ದೊಡ್ಡ ಲೋಟದ ತುಂಬ ಹಾಲು ಕೊಟ್ಟಳು. ಸದ್ಯ ಎಲ್ಲ ಸುಖಾಂತವಾಯಿತಲ್ಲ ಎಂದು ನಾನು ಕುಡಿಯುತ್ತಿದ್ದೆ. ಅವಳು ಗೂಡಿನಿಂದ ಆ ಹಾಳೆ ತೆಗೆದು ನನ್ನ ಮುಂದೆ ಹಿಡಿದಳು.

"ಸರ, ಟಪಾಲಿನವ್ರು ಎಮ್ಮಿ ಮಾತು ಬ್ಯಾಡ ಅಂತ ಬರದಾರ. ಬಾಣಂತಿಗೆ ಹಾಲು ಬ್ಯಾಡೇನ್ರಿ?"

ನಾನು ಲೋಟ ಕೆಳಗಿಟ್ಟೆ. "ಅವ್ರಿಗೇನು ತಿಳೀತೈತಿ ಬಿಡು" ಅಂದೆ.

"ಅಲ್ರಿ," ಅಂದಳು ಹನುಮಕ್ಕ, ಬಲು ಮೆಲ್ಲಗೆ, ಮಗಳಿಗೆ ಕೇಳದ ಹಾಗೆ. "ಐದು ತಿಂಗಳ ಹಲಗಿ ಮ್ಯಾಲ ನಿಮ್ಮ ಅಕ್ಷರ ನೋಡ್ನೋಡೇ ತಿದ್ದೀನಿ. ನಿಮ್ಮ ಕೈ ನನಗ ಗುರ್ತು ಸಿಗೂದಿಲ್ಲೇನ್ರಿ? ಇರ್ಲಿ, ಹಾಲು ಕುಡೀರಿ."

ಕುಡಿದೆ. ಬೇರೆ ಏನು ಮಾಡುವುದು? ನನ್ನ ಕಲಿಸುವ ವಿಧಾನ ಫಲ ಕೊಟ್ಟಿದೆ ಎಂಬುದಕ್ಕೆ ಅಷ್ಟು ಗಟ್ಟಿಯಾದ ಪುರಾವೆ ನನಗೆ ಬೇರೆಲ್ಲೂ ಸಿಗಲಿಲ್ಲ. ನಾನು ಡಾಕ್ಟರೂ ಆದೆ. ಆ ಪುರಾವೆಯೊಂದನ್ನು ಮಾತ್ರ ಥೀಸಿಸ್ಸಿನಲ್ಲಿ ಸೇರಿಸಲಿಲ್ಲ.