ಅರುವೆ ಕೇಳಿದ ಕಾಲೇಜು

ಈ ಕತೆ ಹೇಳುವ ಧೈರ್ಯ ಮಾಡಿದ್ದಕ್ಕೆ ಓದುಗರು ಮೊದಲೇ ನನ್ನನ್ನು ಕ್ಷಮಿಸಬೇಕು. ಒಂದು ಮಾತಿನ ಅರ್ಥ ತಪ್ಪಿ ಆದ ಪೇಚಾಟ ಇದು. ಇದನ್ನು ಹೇಳುವಾಗ ನನ್ನ ಮಾತೇ ಎಲ್ಲಾದರೂ ತಪ್ಪಿದರೆ ಪೇಚಾಟ ಎರಡಾಗುತ್ತದೆ. ಅಂದು ಆ ಬೀದಿಯಲ್ಲಿದ್ದ ಇಬ್ಬರ ಬಾಯಿಂದ ಬೇರೆಬೇರೆಯಾಗಿ ಕೇಳಿ, ತಾಳೆಯಾದದ್ದನ್ನು ಮಾತ್ರ ಬರೆದಿದ್ದೇನೆ.

ಎಲ್ಲಕ್ಕೂ ಕಾರಣ ಎಂಬತ್ತನಾಲ್ಕನೆಯ ಇಸವಿಯಲ್ಲಿ ಬಂದ ಒಂದು ಕಾರ್ಡು. ಮೆಟ್ಟುಪಾಳ್ಯಂ ರಸ್ತೆಯ ಪಕ್ಕದ ನೇಕಾರರ ಬೀದಿಗೆ ಕೊಯಮತ್ತೂರಿನ ಒಂದು ಕಾಲೇಜಿನವರು ಅದನ್ನು ಬರೆದಿದ್ದರು. ವಾರ್ಷಿಕೋತ್ಸವಕ್ಕೆ ನೂರಿಪ್ಪತ್ತು ಹುಡುಗಿಯರಿಗೆ ಒಂದೇ ಬಗೆಯ ಸೀರೆ ಬೇಕು. ಕೈಮಗ್ಗದವರೊಬ್ಬರು, ಪಾಲಿಯೆಸ್ಟರ್ ಮಿಲ್ಲಿನವರೊಬ್ಬರು ಬಂದು ಹತ್ತು ಹತ್ತು ನಿಮಿಷ ಮಾತಾಡಲಿ. ಆರಿಸುವವರು ವಿದ್ಯಾರ್ಥಿಗಳೇ.

ಬೀದಿಯ ಹನ್ನೊಂದು ಮಗ್ಗಗಳಲ್ಲಿ ಏಳು ನಿಂತುಹೋಗಿ, ಅವುಗಳ ಕೆಳಗಿನ ಕಾಲು ಇಳಿಬಿಡುವ ಗುಂಡಿಯಲ್ಲಿ ಬೆಕ್ಕುಗಳು ಮರಿ ಹಾಕುತ್ತಿದ್ದ ಕಾಲ ಅದು. ಈ ಸೀರೆಗಳು ಸಿಕ್ಕರೆ ದೀಪಾವಳಿಯವರೆಗೆ ಹನ್ನೊಂದಕ್ಕೂ ಕೆಲಸ. ಹೋಗಬೇಕಾದವರು ಸೆಲ್ಲಪ್ಪನ್ನವರು ಎಂದು ಎಲ್ಲರೂ ಸೇರಿ ನಿಶ್ಚಯಿಸಿದರು. ಅವರಷ್ಟು ನಯವಾಗಿ ನೇಯುವವರು ಬೀದಿಯಲ್ಲಿ ಇರಲಿಲ್ಲ. ಅವರಷ್ಟು ನಿಧಾನವಾಗಿ ಮಾತಾಡುವವರೂ ಇರಲಿಲ್ಲ. ಅದನ್ನು ಮಾತ್ರ ಯಾರೂ ಯೋಚಿಸಲಿಲ್ಲ.

ಬೆಳಿಗ್ಗೆ ಆರಕ್ಕೆ ಪಕ್ಕದ ಮನೆಯ ಸುಬ್ಬಯ್ಯನ್ ಬಂದರು. ಪೋತ್ತನೂರಿನ ರೈಲ್ವೆ ಕೆಲಸದಿಂದ ನಿವೃತ್ತರಾದವರು. ಸೆಲ್ಲಪ್ಪನ್ನವರಿಗಾಗಿ ತಮಿಳಿನಲ್ಲಿ ಭಾಷಣ ಬರೆದು ತಂದಿದ್ದರು. ಹನ್ನೆರಡು ಪುಟ.

"ಹತ್ತೇ ನಿಮಿಷ ಅಂದವರೆ ಮಾಮಾ."

"ಬಿರ್ರನೆ ಓದು. ದೇವಲ ಮಹರ್ಷಿ ದೇವರುಗಳಿಗೆ ನೆಯ್ದು ಕೊಟ್ಟದ್ದರಿಂದ ಶುರು ಮಾಡ್ದೆ ಅರುವೆ ವಿಷಯ ಹೇಳೋದು, ಇಂಜಿನ್ ಇಲ್ದೆ ರೈಲು ಬಿಟ್ಟಂಗೆ!"

ಅರುವೆ ಎಂದರೆ ಬಟ್ಟೆ. ಎಷ್ಟೋ ತಲೆಮಾರುಗಳ ಹಿಂದೆ ಕನ್ನಡನಾಡಿನಿಂದ ಬಂದು ನೆಲೆಸಿದ ಆ ಬೀದಿಯವರಿಗೆ ಹೊರಗೆಲ್ಲ ತಮಿಳು, ಮನೆಯೊಳಗೆ ಕನ್ನಡ. ಕನ್ನಡ ಓದಲು ಬಾರದಿದ್ದರೂ ಅರುವೆ ಎಂಬ ಮಾತನ್ನು ಅವರು ಬಿಟ್ಟುಕೊಟ್ಟಿರಲಿಲ್ಲ.

ಎದುರು ಮನೆಯ ಬೆಳ್ಳಿಯಮ್ಮ ಬಸ್ಸಿನವರೆಗೂ ಹಿಂದೆಯೇ ಬಂದರು. "ಅಣ್ಣಾ, ಕಾಲೇಜು ಮಕ್ಕಳು ಕೂಗ್ತವಂತೆ. ಹೆದರಬೇಡ. ಕೂಗಿದ್ರೆ ಹಿಡಿಸ್ತು ಅಂತಲೇ ಅರ್ಥ!"

ಸೆಲ್ಲಪ್ಪನ್ನವರು ಆ ಮಾತನ್ನು ಮಾದರಿಗೆ ಒಯ್ದ ಸೀರೆಗಳ ಗಂಟಿಗಿಂತ ಭದ್ರವಾಗಿ ಇಟ್ಟುಕೊಂಡು ಗಾಂಧಿಪುರಂನಲ್ಲಿ ಇಳಿದರು.

ಕಾಲೇಜಿನ ಸಭಾಂಗಣ ತುಂಬಿತ್ತು. ಟೈ ಕಟ್ಟಿದ ಮಿಲ್ಲಿನವನು ಎರಡು ನಿಮಿಷ ಮಾತಾಡಿ, ಎಲ್ಲರಿಗೂ ಮಿಠಾಯಿ ಹಂಚಿ ಕೂತ. ಆಮೇಲೆ ಸೆಲ್ಲಪ್ಪನ್ನವರು ಎದ್ದರು. ಹತ್ತು ನಿಮಿಷ ಕಳೆದಾಗ ದೇವಲ ಮಹರ್ಷಿಗೆ ಇನ್ನೂ ನೂಲೇ ಸಿಕ್ಕಿರಲಿಲ್ಲ.

ಹಿಂದಿನ ಸಾಲಿನಿಂದ ಒಂದು ದನಿ ಎದ್ದಿತು. "ಅರುವೈ!"

ಸೆಲ್ಲಪ್ಪನ್ನವರು ಕಿವಿ ನಿಮಿರಿಸಿದರು. ಇನ್ನೆರಡು ದನಿ ಸೇರಿದವು. ಆಮೇಲೆ ಇಡೀ ಸಭಾಂಗಣವೇ ಮೇಜು ಬಡಿಯುತ್ತ ಕೂಗತೊಡಗಿತು. "ಅರುವೈ! ಅರುವೈ!"

ಅವರ ಕಣ್ಣು ತುಂಬಿ ಬಂತು. ಇಷ್ಟು ಮಕ್ಕಳಿಗೆ ನಮ್ಮ ಮನೆಮಾತು ಬರುತ್ತದೆಯೇ? ಅರುವೆ ಬೇಕು ಎಂದು ಹೀಗೆ ಬಾಯಿ ಬಿಟ್ಟು ಕೇಳುತ್ತಾರೆಯೇ?

"ಕೊಡ್ತೀನಿ, ಕೊಡ್ತೀನಿ!" ಎಂದು ಗಂಟನ್ನು ಮುಂದೆಳೆದುಕೊಂಡರು.

"ಬ್ಲೇಡ್!" ಎಂದು ಒಬ್ಬ ಕಿರುಚಿದ.

"ಬ್ಲೇಡ್ ಬೇಡ ತಂಬಿ, ಹಗ್ಗ ಹಲ್ಲಿನಲ್ಲೇ ಬಿಚ್ಚಬಹುದು," ಎಂದು ಬಿಚ್ಚಿಯೂ ತೋರಿಸಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಪ್ರೊಫೆಸರೊಬ್ಬರು ಸಾಕು ಎಂದು ಕೈ ಎತ್ತಿದರೆ, ದನಿ ಎತ್ತಲು ಹೇಳುತ್ತಿದ್ದಾರೆಂದು ತಿಳಿದು ಗಟ್ಟಿಯಾಗಿ ಓದಿದರು. ಮಕ್ಕಳು ಕೂಗಿದಷ್ಟೂ ಇವರು ಓದಿದರು, ಇವರು ಓದಿದಷ್ಟೂ ಮಕ್ಕಳು ಕೂಗಿದರು. ಈ ನಡುವೆ ಸೀರೆಗಳು ಮುಂದಿನ ಸಾಲಿನ ಹುಡುಗಿಯರ ಕೈಯಿಂದ ಕೈಗೆ, ಹೆಗಲಿಂದ ಹೆಗಲಿಗೆ ದಾಟಿಹೋದದ್ದು ಅವರ ಗಮನಕ್ಕೇ ಬರಲಿಲ್ಲ. ಹನ್ನೆರಡನೆಯ ಪುಟ ಮುಗಿದಾಗ ಊಟದ ಗಂಟೆ ಬಾರಿಸಿ ಅರ್ಧ ತಾಸಾಗಿತ್ತು. ಸಂತೋಷದ ಭರದಲ್ಲಿ ಗಂಟನ್ನು ಅಲ್ಲೇ ಮರೆತು ಬಸ್ಸು ಹತ್ತಿದರು.

ಮೂರೂವರೆಗೆ ಬೀದಿ ಸೇರಿದವರೇ ಕೈ ಎತ್ತಿ ಕೂಗಿದರು. "ಇಡೀ ಕಾಲೇಜು ಅರುವೆ ಅರುವೆ ಅಂತ ಮೇಜು ಬಡೀತು!"

ಸುಬ್ಬಯ್ಯನ್ ತಮ್ಮ ಹನ್ನೆರಡು ಪುಟಗಳಿಗೆ ತಾವೇ ತಲೆದೂಗಿ ಬೋಂಡಾ ತರಿಸಿದರು. ಬೆಳ್ಳಿಯಮ್ಮ ನಿಂತ ಮಗ್ಗದಿಂದ ಬೆಕ್ಕಿನ ಸಂಸಾರವನ್ನು ಎಬ್ಬಿಸಿ, ಲಾಳಿಗೆ ಎಣ್ಣೆ ಹಚ್ಚಿದರು. ಸೆಲ್ಲಪ್ಪನ್ನವರ ಹೆಂಡತಿ ಕನ್ನಿಯಮ್ಮಾಳ್, "ಏನುಂಗ, ನಿಜವಾಗ್ಲೂ ಕೇಳಿದ್ರಾ?" ಎಂದು ನಾಲ್ಕು ಸಲ ಕೇಳಿ ನಾಲ್ಕು ಸಲವೂ ನಕ್ಕರು.

ಐದಕ್ಕೆ ಮಗಳು ಈಶ್ವರಿ ಟೈಪಿಂಗ್ ಕ್ಲಾಸಿನಿಂದ ಬಂದಳು. ಅವಳಿಗೆ ಹತ್ತೊಂಬತ್ತು. ವಿಷಯವನ್ನೆಲ್ಲ ಕೇಳುತ್ತಿದ್ದಂತೆ ಬೋಂಡಾ ಹಿಡಿದ ಅವಳ ಕೈ ಅಲ್ಲೇ ನಿಂತಿತು.

"ಅಪ್ಪಾ, ಅವರು ಅರುವೆ ಅಂದ್ರಾ, ಅರುವೈ ಅಂದ್ರಾ?"

"ಎರಡೂ ಒಂದೇ ಅಲ್ವೇನಮ್ಮ?"

"ಅಲ್ಲಪ್ಪಾ. ಈಗಿನ ಹುಡುಗರು ಅರುವೈ ಅಂದ್ರೆ ತಲೆ ಕೊರೀತಾನೆ, ಸಾಕು ನಿಲ್ಲಿಸು ಅಂತ!"

"ಬ್ಲೇಡ್ ಕೂಡ ಕೇಳಿದ್ರು…"

"ಅದೂ ಅದೇ ಅಪ್ಪಾ."

ಬೀದಿ ಗಾಳಿ ಬಿಟ್ಟ ಸೈಕಲ್ ಟ್ಯೂಬಿನಂತಾಯಿತು. ಬೆಳ್ಳಿಯಮ್ಮ ಎಣ್ಣೆಯ ಕೈ ಒರೆಸಿಕೊಂಡರು. ಸುಬ್ಬಯ್ಯನ್, "ನಾನು ಆರೇ ಪುಟ ಬರೆದಿದ್ದೆ ಅಂತ ನೆನಪು," ಎಂದರು. ಬೆಕ್ಕು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಮಗ್ಗದ ಗುಂಡಿಗೆ ಹಿಂದಿರುಗಿತು.

ಸೆಲ್ಲಪ್ಪನ್ನವರ ಮುಖ ಕೆಂಪಾಗಿತ್ತು. "ಇನ್ನು ಮೇಲೆ ಈ ಹುಡುಗರ ಯಾವ ಮಾತಿಗೂ ನಾನು ಮೋಸ ಹೋಗಲ್ಲ!"

ಆ ಹೊತ್ತಿಗೆ ಬೀದಿಯ ತುದಿಯಲ್ಲಿ ಕಾಲೇಜಿನ ವ್ಯಾನು ಬಂದು ನಿಂತಿತು. ಇಳಿದವನು ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಕೃಷ್ಣಸಾಮಿ. ಕಿವಿ ಮುಚ್ಚುವ ಕೂದಲು, ಬೀದಿ ಗುಡಿಸುವಷ್ಟು ಅಗಲದ ಪ್ಯಾಂಟು, ಕಂಕುಳಲ್ಲಿ ಮರೆತುಬಂದ ಗಂಟು, ಅಂಗಿಯ ಜೇಬಿನಲ್ಲಿ ಮಡಿಸಿದ ಒಂದು ಕಾಗದ. ಈಶ್ವರಿ ಕಾಫಿ ತರಲು ಒಳಗೆ ಓಡಿದಳು.

ಹುಡುಗ ಗಂಟನ್ನು ಜಗಲಿಯ ಮೇಲಿಟ್ಟು, ಕೈ ಜೋಡಿಸಿ, ಬಾಯಿ ತುಂಬ ನಕ್ಕ. "ಅಣ್ಣಾ! ಉಂಗ ಸೇಲೈ ಎಲ್ಲಾಂ ತೂಳ್!"

ನಿಮ್ಮ ಸೀರೆಗಳೆಲ್ಲ ತೂಳ್ ಎಂದು. ತೂಳ್ ಎಂದರೆ ತಮಿಳಿನಲ್ಲಿ ಪುಡಿ, ಧೂಳು. ಸೆಲ್ಲಪ್ಪನ್ನವರಿಗೆ ಅದು ಹುಟ್ಟಿದಂದಿನಿಂದ ಗೊತ್ತು.

"ತೂಳಾ? ನನ್ನ ಅರುವೆ ನಿಂಗೆ ತೂಳಾ?"

"ಆಮಾಂಣ್ಣಾ, ಸೆಮ ತೂಳ್!" ಎಂದ ಹುಡುಗ ಇನ್ನಷ್ಟು ಹುರುಪಿನಿಂದ. ಹೌದಣ್ಣಾ, ಭಾರಿ ತೂಳ್ ಎಂದು.

ನನ್ನ ಭಾಷಣವನ್ನು ಬೇಕಾದರೆ ಅನ್ನಲಿ, ಸೀರೆಯನ್ನು ಅನ್ನುವುದೇ? ಸೆಲ್ಲಪ್ಪನ್ನವರು ಗೋಡೆಗೆ ಒರಗಿಸಿದ್ದ ಮಗ್ಗದ ಕೋಲನ್ನು ಎತ್ತಿಕೊಂಡರು. ಅಗಲದ ಪ್ಯಾಂಟು ಕಾಲಿಗೆ ತೊಡರಿದರೂ ಕೃಷ್ಣಸಾಮಿ ಒಳ್ಳೆಯ ವೇಗದಲ್ಲಿ ಓಡಿ ವ್ಯಾನು ಸೇರಿದ. ಈ ಸಲ ಬೀದಿಯವರೇ ಕೈ ತಟ್ಟಿದರು.

ಕಾಫಿ ಹಿಡಿದು ಬಂದ ಈಶ್ವರಿ ಸುತ್ತ ನೋಡಿದಳು. "ಅವರೆಲ್ಲಿ?"

"ಓಡಿಸಿಬಿಟ್ಟೆ! ನಮ್ಮ ಸೀರೇನ ತೂಳ್ ಅಂದ!"

ಲೋಟ ಕೈಜಾರಿತು. "ಅಪ್ಪಾ! ತೂಳ್ ಅಂದ್ರೆ ಭಾರಿ ಚೆನ್ನಾಗದೆ ಅಂತ! ಅದಕ್ಕಿಂತ ಮೇಲಿನ ಮಾತೇ ಅವರ ಹತ್ರ ಇಲ್ಲ!"

ಮೊದಲು ನಕ್ಕವರು ಬೆಳ್ಳಿಯಮ್ಮ. ಆಮೇಲೆ ಯಾರಿಗೂ ತಡೆದುಕೊಳ್ಳಲಾಗಲಿಲ್ಲ. ಸೆಲ್ಲಪ್ಪನ್ನವರು ಮಾತ್ರ ಕೋಲು ಬಿಸುಟು, ವೇಷ್ಟಿ ಎತ್ತಿ ಕಟ್ಟಿ ಓಟ ಕಿತ್ತರು.

"ಗೇಟು ಹಾಕಿರ್ತಾರೆ! ಮೆಟ್ಟುಪಾಳ್ಯಂ ರೈಲಿನ ಹೊತ್ತು!" ಎಂದು ಸುಬ್ಬಯ್ಯನ್ ಹಿಂದಿನಿಂದ ಕೂಗಿದರು. ಆ ದಿನ ಅವರು ಹೇಳಿದ್ದರಲ್ಲಿ ಸರಿಯಾದದ್ದು ಅದೊಂದೇ.

ಗೇಟು ಹಾಕಿತ್ತು. ವ್ಯಾನು ನಿಂತಿತ್ತು. ಸೆಲ್ಲಪ್ಪನ್ನವರು ಕಿಟಕಿ ಹಿಡಿದು, ಏದುಸಿರಿನಲ್ಲೇ ಕೈ ಮುಗಿದು, ತಪ್ಪಾಯಿತೆಂದರು. ಅಷ್ಟರಲ್ಲಿ ರೈಲು ಬಂತು. ಕೃಷ್ಣಸಾಮಿ ಏನೋ ಒಂದು ಮಾತು ಹೇಳಿದ. ಗೇಟು ಎದ್ದಿತು, ವ್ಯಾನು ಹೋಯಿತು.

ಅವರು ಹಿಂದಿರುಗಿದಾಗ ಬೀದಿಯೆಲ್ಲ ಸುತ್ತುವರಿಯಿತು. "ಏನಂದ? ಏನಂದ?"

"ಪಾಕ್ಕಲಾಂ ಅಂದ."

ಎಲ್ಲರೂ ಒಟ್ಟಿಗೆ ಈಶ್ವರಿಯ ಕಡೆ ತಿರುಗಿದರು.

"ಪಾಕ್ಕಲಾಂ ಅಂದ್ರೆ ನೋಡೋಣ ಅಂತ," ಎಂದಳು ಅವಳು.

"ಅದು ನಮ್ಮ ಕಾಲದ ಅರ್ಥ ಕಣೇ," ಎಂದರು ಬೆಳ್ಳಿಯಮ್ಮ. "ಈಗಿನದು ಹೇಳು."

ಈಶ್ವರಿ ಅಪ್ಪನ ಹತ್ತಿರ ಬಂದಳು. "ಅದು ಹೇಳೋ ಮುಖದ ಮೇಲೆ ಅದೆ ಅತ್ತೆ. ಅಪ್ಪಾ, ಅವರು ನಗ್ತಾ ಅಂದ್ರಾ, ನಗದೆ ಅಂದ್ರಾ?"

ಸೆಲ್ಲಪ್ಪನ್ನವರು ತಲೆ ತಗ್ಗಿಸಿದರು. "ಮುಖ ನೋಡಲಿಲ್ಲ ಕಣಮ್ಮ. ನಾನು ಅವನ ಜೇಬಿನ ಕಾಗದ ನೋಡ್ತಾ ಇದ್ದೆ."

ಆ ಕಾಗದದಲ್ಲಿ ನೂರಿಪ್ಪತ್ತು ಸೀರೆಗಳ ಬೇಡಿಕೆ ಇತ್ತೋ, ವ್ಯಾನಿನ ಪೆಟ್ರೋಲು ಚೀಟಿ ಇತ್ತೋ, ನನಗೆ ತಿಳಿಯದು. ನನಗೆ ಇದನ್ನು ಹೇಳಿದ ಇಬ್ಬರೂ ಇಲ್ಲಿಗೇ ನಿಲ್ಲಿಸಿದರು. ಆಮೇಲೆ ಏನಾಯಿತು ಎಂದು ಕೇಳಿದಾಗ ಇಬ್ಬರೂ "ಪಾಕ್ಕಲಾಂ" ಎಂದರು. ಒಬ್ಬರು ನಗುತ್ತ ಹೇಳಿದರು, ಇನ್ನೊಬ್ಬರು ನಗದೆ ಹೇಳಿದರು.